ಗಡಿಯಾರಕ್ಕೆ ಕಡಲ ನಾಲಗೆ

ನಮ್ಮ ಮನೆಯಲ್ಲಿ ಹೊಸ ವಸ್ತುಗಳ ಮೇಲೆ ಅಂಟಿಸಿ ಬರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಕೀಳುವುದಿಲ್ಲ. ತಾನಾಗಿ ಉದುರಿದರೆ ಉದುರಲಿ, ನಾವಾಗಿ ಕೈಹಾಕುವುದಿಲ್ಲ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ರಬ್ಬರ್ ಬ್ಯಾಂಡು. ಚೀಲ ಮಬ್ಬಾಗಿ ಎಷ್ಟೋ ಕಾಲವಾಯಿತು. ಯಾವ ಗುಂಡಿ ಎಲ್ಲಿದೆ ಎಂಬುದನ್ನು ಬೆರಳಿನ ಅಂದಾಜಿಗೆ ಬಿಟ್ಟಿದ್ದೇವೆ. ವಾರ್ತೆ ಬೇಕೆಂದು ಒತ್ತಿದರೆ ಅಡುಗೆ ಬರುತ್ತದೆ. ಒಳಗಿನ ರಿಮೋಟು ಮಾತ್ರ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಇದೆ. ಅದರ ಹಿಂದಿನದೂ ಹಾಗೆಯೇ ಇತ್ತು. ಅದು ಹೊಸದಾಗಿಯೇ ಇದ್ದು, ಹೊಸದಾಗಿಯೇ ಕೆಟ್ಟಿತು.

"ಮಾವನವರ ಗುಣ ನಿಮಗೆ ಬಂದದ್ದು ಇದೊಂದೇ ನೋಡಿ" ಎಂದು ಹೆಂಡತಿ ಸುಮತಿ ಹೇಳುವುದುಂಟು. ಅದು ಹೊಗಳಿಕೆಯಲ್ಲ ಎಂದು ತಿಳಿಯುವಷ್ಟು ವರ್ಷ ನಾನು ಸಂಸಾರ ಮಾಡಿದ್ದೇನೆ.

ಅಪ್ಪ ಹೊನ್ನಾವರದ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಬಳಿ ಕೀಲಿ ಕೊಡುವ ಒಂದು ಕೈಗಡಿಯಾರವಿತ್ತು. ಊಟಕ್ಕೆ ಕೂತರೆ ಅದು ಅಂಗಿಯ ಕಿಸೆಗೆ, ಮಳೆ ಬಂದರೆ ಕರವಸ್ತ್ರದೊಳಕ್ಕೆ. ಶರಾವತಿ ದಾಟಲು ಲಾಂಚು ಹತ್ತಿದರೆ ಕರವಸ್ತ್ರದ ಮೇಲೆ ಇನ್ನೊಂದು ಕರವಸ್ತ್ರ. ಉಪ್ಪು ಗಾಳಿಗೆ ಗಾಜು ಮಬ್ಬಾಗುತ್ತದೆ ಎಂಬುದು ಅವರ ದೃಢ ನಂಬಿಕೆ. ಲಾಂಚಿನಲ್ಲಿ ಪಕ್ಕದವರು "ಗಂಟೆ ಎಷ್ಟಾತು?" ಎಂದರೆ ಅಪ್ಪ ಗಂಟು ಬಿಚ್ಚುತ್ತಿರಲಿಲ್ಲ. ಆಕಾಶ ನೋಡಿ "ಹನ್ನೊಂದು ಆಗ್ಲಿಕ್ಕೆ ಸಾಕು" ಎನ್ನುತ್ತಿದ್ದರು. ಗಡಿಯಾರ ಇಲ್ಲದವರೂ ಅಷ್ಟನ್ನು ಹೇಳಬಲ್ಲರು. ಆದರೆ ಗಡಿಯಾರ ಇದ್ದವರು ಹೇಳಿದಾಗ ಜನ ತಲೆಯಾಡಿಸಿ ಒಪ್ಪುತ್ತಿದ್ದರು.

ಭಾನುವಾರ ಗಡಿಯಾರಕ್ಕೆ ಅಭ್ಯಂಜನ. ಹಳೆ ಪಂಚೆಯ ಚೂರಿನ ಮೇಲೆ ಒಂದು ಚಿಟಿಕೆ ಬಿಳಿ ಹಲ್ಲುಪುಡಿ, ಎರಡು ತೊಟ್ಟು ನೀರು. ಅದನ್ನು ಗಾಜಿನ ಮೇಲೆ ಸುತ್ತ ಸುತ್ತ ತಿರುಗಿಸುತ್ತ ಅಪ್ಪ ಅರ್ಧ ಗಂಟೆ ಕೂರುತ್ತಿದ್ದರು. ನಾವೆಲ್ಲ ಹಲ್ಲುಜ್ಜುತ್ತಿದ್ದದ್ದು ಮನೆಯಲ್ಲೇ ಮಾಡಿದ ಮಸಿಯ ಪುಡಿಯಲ್ಲಿ. ಪೇಟೆಯಿಂದ ತಂದ ಬಿಳಿಯ ಡಬ್ಬಿ ಗಡಿಯಾರಕ್ಕೆ ಮೀಸಲು. "ಮಕ್ಕಳ ಬಾಯಿಗಿಂತ ಅದರ ಮುಖವೇ ದೊಡ್ಡದಾತು" ಎಂದು ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು. ಅಪ್ಪ ಕೇಳಿಸದವರಂತೆ ಗಾಜನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೀರು ಇನ್ನೂ ಇದೆಯೇ ಎಂದು ನೋಡುತ್ತಿದ್ದರು. ಇರುತ್ತಿತ್ತು.

ಅಪ್ಪ ಒಬ್ಬರೇ ಹಾಗಿದ್ದರು ಎಂದು ಬರೆದರೆ ಅನ್ಯಾಯವಾದೀತು. ಎಪ್ಪತ್ತರ ದಶಕದ ನಮ್ಮ ಓಣಿಯಲ್ಲಿ ಟ್ರಾನ್ಸಿಸ್ಟರುಗಳಿಗೆ ಗುಂಡಿ ಹಾಕುವ ಚರ್ಮದ ಅಂಗಿ ಇತ್ತು. ಸ್ಟೇಷನ್ ನೋಡುವ ಕಿಂಡಿಗೆ ಬೇರೆ ಪ್ಲಾಸ್ಟಿಕ್ ಪರದೆ ಇತ್ತು. ನಮಗೆ ಲೆಕ್ಕ ಕಲಿಸುತ್ತಿದ್ದ ಮಾಸ್ತರರೊಬ್ಬರಿಗೆ ಅವರ ಭಾವ ಮಸ್ಕತ್ತಿನಿಂದ ಕ್ಯಾಲ್ಕುಲೇಟರ್ ತಂದುಕೊಟ್ಟಿದ್ದರು. ಅದನ್ನು ನೋಡಲು ಹೋದ ನಮಗೆ ಮಾಸ್ತರರು ಮೊದಲು ಕೈ ತೊಳೆಸಿದರು. ಆಮೇಲೆ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಚೀಲ, ಚೀಲದೊಳಗಿನ ಬಟ್ಟೆ, ಎಲ್ಲ ತೆರೆದರು. ಹದಿನೇಳನ್ನು ಹದಿಮೂರರಿಂದ ಗುಣಿಸಿ ತೋರಿಸಿದರು. ಉತ್ತರ ಅವರು ಬಾಯಲ್ಲಿ ಮೊದಲೇ ಹೇಳಿಬಿಟ್ಟಿದ್ದರಿಂದ ನಮಗೆ ಯಂತ್ರದ ಮೇಲೆ ಗೌರವ ಬರಲಿಲ್ಲ, ಮಾಸ್ತರರ ಮೇಲೆ ಬಂತು.

ಇಷ್ಟು ಪೀಠಿಕೆ ಯಾಕೆಂದರೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಕೈಗೆ ಒಂದು ಡಿಜಿಟಲ್ ಗಡಿಯಾರ ಬಂತು. ಅಷ್ಟರಲ್ಲಿ ನಾನು ಕುಮಟೆಯಲ್ಲಿ ಮನೆ ಮಾಡಿ, ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಬಾತ್ಮೀದಾರನಾಗಿದ್ದೆ. ಎಂದರೆ ಮೂರು ತಾಲೂಕಿನ ಸಭೆ, ಅಪಘಾತ, ಅಭಿನಂದನೆಗಳನ್ನು ಬರೆದು, ಕವರಿನಲ್ಲಿ ಹಾಕಿ, ಸಂಜೆಯ ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಯಲ್ಲಿಡುವುದು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಅಂಕಿಯನ್ನು ಎರಡು ಸಲ ನೋಡಬೇಕು ಎಂದು ಸಂಪಾದಕರು ಕಲಿಸಿದ್ದರು. ನೋಡುತ್ತಲೂ ಇದ್ದೆ.

ಭಟ್ಕಳಕ್ಕೆ ಒಂದು ಸಭೆಗೆಂದು ಹೋದವನು ಬಜಾರಿನ ಓಣಿಯಲ್ಲಿ ಖಾದರ್ ಸಾಹೇಬರ ಅಂಗಡಿ ಹೊಕ್ಕೆ. ಅತ್ತರು, ಮಡಿಸುವ ಕೊಡೆ, ಟೇಪ್ ರೆಕಾರ್ಡರು, ಹೊಳೆಯುವ ಬಟ್ಟೆ: ಎಲ್ಲ ಅವರ ಅಣ್ಣ ದುಬೈಯಿಂದ ಕಳಿಸಿದ್ದು. ಗಾಜಿನ ಪೆಟ್ಟಿಗೆಯಿಂದ ಸಾಹೇಬರು ಒಂದು ಗಡಿಯಾರ ತೆಗೆದರು. ಮುಳ್ಳಿಲ್ಲ, ಬರೀ ಅಂಕಿ. ಒಂದು ಗುಂಡಿ ಒತ್ತಿದರೆ ದೀಪ, ಇನ್ನೊಂದು ಒತ್ತಿದರೆ ಸಂಗೀತ. ಮೂರನೆಯದನ್ನು ಒತ್ತಿದ ಕೂಡಲೇ ಸೆಕೆಂಡುಗಳು ಓಡಲು ಶುರುವಾದವು; ಮೂಲೆಯಲ್ಲಿ ಸೆಕೆಂಡಿನ ನೂರನೇ ಭಾಗವೂ ಸಣ್ಣ ಅಂಕಿಯಲ್ಲಿ ಓಡುತ್ತಿತ್ತು. ಮತ್ತೆ ಒತ್ತಿದರು. ಎಲ್ಲ ನಿಂತವು.

"ಓಡೋ ಸೆಕೆಂಡನ್ನ ಹಿಡಿದು ನಿಲ್ಸ್ತದೆ ಸಾಬ್. ಮನುಷ್ಯನ ಕೈಲಿ ಆಗ್ತದಾ?" ಎಂದರು ಸಾಹೇಬರು. ಆಮೇಲೆ ಅದರ ಮುಖದ ಮೇಲಿದ್ದ ತೆಳು ಹಾಳೆಯನ್ನು ತೋರಿಸಿ ದನಿ ತಗ್ಗಿಸಿದರು. "ಈ ಪರದೆ ಮಾತ್ರ ತೆಗೀಬೇಡಿ. ಒಳಗಿಂದು ಗಾಜು ಅಲ್ಲ, ಪ್ಲಾಸ್ಟಿಕ್. ಪರದೆ ಹೋದ್ರೆ ಇಜ್ಜತ್ ಹೋಯ್ತು."

ಕುಮಟೆಯಂಥ ಊರಿನಲ್ಲಿ ಒಬ್ಬ ಬಾತ್ಮೀದಾರನಿಗೆ ಸೆಕೆಂಡಿನ ನೂರನೇ ಭಾಗದಿಂದ ಆಗಬೇಕಾದದ್ದೇನೂ ಇರಲಿಲ್ಲ. ಆದರೂ ನಾನು ಅಳೆದೆ. ಸಚಿವರೊಬ್ಬರ ಭಾಷಣ ಅಳೆದೆ. ಬಸ್ಸು ಹೊನ್ನಾವರದ ಸೇತುವೆ ದಾಟುವುದನ್ನು ಅಳೆದೆ. ಒಂದು ಬೆಳಿಗ್ಗೆ, ಒಂದು ದೋಸೆಗೆ ಒಂದು ನಿಮಿಷ ನಲವತ್ತೇಳು ಸೆಕೆಂಡು ಹಿಡಿಯುತ್ತದೆ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರಕಟಿಸಿದೆ. ಮರುದಿನದಿಂದ ಉಪ್ಪಿಟ್ಟು.

ಪರದೆ ಮೂರು ತಿಂಗಳು ಬಾಳಿತು. ಅದರ ಅಂಚು ಎದ್ದು ಕೊಳೆ ಸೇರಿ, ಗಂಟೆ ನೋಡಲು ನಾನು ಕೈಯನ್ನು ಬಿಸಿಲಿಗೆ ಚಾಚಬೇಕಾಗುತ್ತಿತ್ತು. ಒಂದು ದಿನ ಸ್ನಾನ ಮಾಡಿ ಬರುವಷ್ಟರಲ್ಲಿ ಗಡಿಯಾರ ಥಳಥಳ ಹೊಳೆಯುತ್ತಿತ್ತು. ಪರದೆ ಕಸದ ಬುಟ್ಟಿಯಲ್ಲಿತ್ತು.

"ಎಂತ ಮಾಡ್ದೆ ನೀನು?" ಎಂದೆ.

"ಕಣ್ಣಿಗೆ ಪೊರೆ ಬಂದಾಂಗೆ ಕಾಣ್ತಿತ್ತು. ಆಪರೇಶನ್ ಮಾಡ್ದೆ" ಎಂದಳು ಸುಮತಿ.

ಖಾದರ್ ಸಾಹೇಬರು ಹೇಳಿದ್ದು ಸುಳ್ಳಾಗಲಿಲ್ಲ. ಎರಡೇ ವಾರದಲ್ಲಿ ಇಜ್ಜತ್ ಹೋಯಿತು. ತದಡಿ ಬಂದರಿನಲ್ಲಿ ಗಾಳಿಗೆ ಸಿಕ್ಕಿ ಬಂದ ದೋಣಿಯೊಂದನ್ನು ದಂಡೆಗೆಳೆದು ಹಾಕಿದ್ದರು. ಸುದ್ದಿಗೆಂದು ಹೋದ ನಾನು, ಟಿಪ್ಪಣಿ ಬರೆಯುತ್ತ ಅದರ ಬುಡಕ್ಕೆ ಕೈ ಊರಿ ನಿಂತೆ. ದೋಣಿಯ ಬುಡವೆಂದರೆ ಸಮುದ್ರದ ಚಿಪ್ಪುಗಳು ಅಂಟಿಕೊಂಡ ಗರಗಸ. ಕರ್ ಎಂಬ ಸದ್ದು ಕೇಳಿಸಿತು. ನೋಡಿದರೆ ಗಡಿಯಾರದ ಮುಖದ ಮೇಲೆ, ಕೊನೆಯ ದೊಡ್ಡ ಅಂಕಿ ಬರುವ ಕಡೆ, ಕೆಳಬದಿಗೆ ಒಂದು ಗೀರು. ಅರ್ಧ ಅಕ್ಕಿಕಾಳಿನಷ್ಟು. ದೋಣಿಯ ಯಜಮಾನ ತನ್ನ ಒಡೆದ ಹಲಗೆಯನ್ನು ಬಿಟ್ಟು ನನ್ನನ್ನೇ ಸಮಾಧಾನ ಮಾಡಿದ.

ಮೊದಲು ಕೊಬ್ಬರಿ ಎಣ್ಣೆ ಹಚ್ಚಿದೆ. ಗೀರು ಮಾಯವಾಯಿತು. ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಒಣಗಿ ಮತ್ತೆ ಹಾಜರಾಯಿತು. ಆಮೇಲೆ ಅಪ್ಪನ ಹಲ್ಲುಪುಡಿ. ಅದರಿಂದ ಒಂದು ದೊಡ್ಡ ಗೀರಿನ ಸುತ್ತ ನೂರು ಸಣ್ಣ ಗೀರುಗಳಾದವು. ಮೇಣದಬತ್ತಿಯ ಮೇಣವನ್ನೂ ತಿಕ್ಕಿ ನೋಡಿದೆ, ಧೂಳು ಅಂಟಿತು. ಹೀಗೆ ಒಂದು ಬೆಳಿಗ್ಗೆ ಜಗುಲಿಯಲ್ಲಿ ಕೂತು ಉಜ್ಜುತ್ತಿದ್ದಾಗ ಮಾದೇವಿ ಬಂದಳು.

ಮಾದೇವಿ ತದಡಿಯವಳು. ಬೆಳಗಿನ ಬಸ್ಸಿಗೆ ಮೀನಿನ ಬುಟ್ಟಿ ಹೊತ್ತು ಕುಮಟೆಗೆ ಬಂದು ನಮ್ಮ ಓಣಿಯಲ್ಲಿ ಮಾರುತ್ತಿದ್ದಳು. ನಾನು ಅವಳಿಗೆ ಪೇಪರಣ್ಣ.

"ಎಂತ ಪೇಪರಣ್ಣ, ಮಗೂಗೆ ಮೀಯ್ಸಿದಾಂಗೆ ಉಜ್ತ್ರಿ?"

ಗೀರು ತೋರಿಸಿದೆ. ಅವಳು ಬುಟ್ಟಿ ಇಳಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ವೈದ್ಯರ ಗಾಂಭೀರ್ಯದಲ್ಲಿ ನೋಡಿದಳು.

"ಇದ್ಕೆ ಹಲ್ಲಿನ ಪುಡಿ ಎಲ್ಲಿ ಸಾಕಾತದೆ? ಕಡ್ಲ ನಾಲ್ಗೆ ಬೇಕು. ಸೊನಗಾರ್ರು ಬೆಳ್ಳಿ ಉಜ್ಜೂದು ಅದ್ರಲ್ಲೇ. ನಾಳೆ ತಂದ್ಕೊಡ್ತೆ."

ಕಡಲ ನಾಲಗೆ ಎಂದರೆ ಕಪ್ಪೆ ಬೊಂಡಾಸ ಎಂಬ, ಮಸಿ ಕಾರುವ ಮೀನಿನ ಬೆನ್ನಿನೊಳಗಿರುವ ಬಿಳಿಯ ಚಿಪ್ಪು. ತೆರೆಗಳು ದಂಡೆಗೆ ತಂದು ಹಾಕುತ್ತವೆ. ಒಂದು ಬದಿ ಗಟ್ಟಿ, ಇನ್ನೊಂದು ಬದಿ ಉಗುರಲ್ಲಿ ಕೆರೆದರೆ ಹಿಟ್ಟಾಗುವಷ್ಟು ಮೆತ್ತಗೆ. ಮರುದಿನ ಮಾದೇವಿ ಅಂಗೈಯಗಲದ ಒಂದನ್ನು ತಂದುಕೊಟ್ಟಳು. ನಾನು ಅದನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ಮೂರು ಸಂಜೆ ಉಜ್ಜಿದೆ. ಸಣ್ಣ ಗೀರುಗಳೆಲ್ಲ ಹೋದವು. ದೊಡ್ಡದು ಹೋಗಲಿಲ್ಲ. ಬದಲಾಗಿ ಪುಡಿಯೆಲ್ಲ ಅದರೊಳಗೆ ಕೂತು, ಮೊದಲು ಬಣ್ಣವಿಲ್ಲದ್ದು ಈಗ ಬಿಳಿಯ ನೂಲಿನಂತಾಯಿತು. ಗಾಯ ಒಣಗುವ ಲಕ್ಷಣ ಎಂದುಕೊಂಡೆ. ಸುಮತಿಯ ತಂಗಿ ನಮ್ಮಲ್ಲಿ ಮರೆತು ಹೋಗಿದ್ದ ಬಣ್ಣವಿಲ್ಲದ ಉಗುರು ಪಾಲಿಶ್ ಇತ್ತು. ಅದರ ಒಂದು ತೊಟ್ಟನ್ನು ಗೀರಿನ ಮೇಲೆ ಬಿಟ್ಟು ಆರಿಸಿದೆ. ಮೇಲ್ಮೈ ನುಣುಪಾಯಿತು. ಉಗುರಾಡಿಸಿದರೆ ಗೀರು ತಾಗುತ್ತಿರಲಿಲ್ಲ.

"ವಾಸಿಯಾತು" ಎಂದು ಮಾದೇವಿಗೆ ವರದಿ ಕೊಟ್ಟೆ.

"ನಾ ಹೇಳ್ಲಿಲ್ವಾ?" ಎಂದಳು. ಆ ದಿನ ಅವಳು ಬಂಗಡೆ ಕೊಡುವಾಗ ಎರಡು ಹೆಚ್ಚು ಹಾಕಿದಳು ಎಂದು ಸುಮತಿ ಹೇಳಿದಳು.

ಅದಾದ ಒಂದು ತಿಂಗಳಿಗೆ ತಾಲೂಕಿನ ಶಾಲೆಗಳ ಕ್ರೀಡಾಕೂಟ ಬಂತು. ಅದರ ಉಸ್ತುವಾರಿ ದಾಮೋದರ ಮಾಸ್ತರರದು. ಡ್ರಿಲ್ ಮಾಸ್ತರರು, ಎತ್ತರದ ಆಳು, ಸೀಟಿ ಕೊರಳಲ್ಲಿಲ್ಲದಿದ್ದರೂ ಸೀಟಿ ಊದಿದಂತೆಯೇ ಮಾತಾಡುವವರು. ಅವರ ಹಳೆಯ ಸ್ಟಾಪ್ ವಾಚು ಉಪ್ಪು ಗಾಳಿಗೆ ತುಕ್ಕು ಹಿಡಿದು ನಿಂತಿತ್ತು. ನೇರವಾಗಿ ನಮ್ಮ ಮನೆಗೆ ಬಂದರು.

"ಬಾತ್ಮೀದಾರ್ರೆ, ನಿಮ್ಮ ದುಬೈ ಗಡಿಯಾರ ಬೇಕು. ಗಡಿಯಾರದ ಒಟ್ಟಿಗೆ ನೀವೂ ಬನ್ನಿ. ಒತ್ತೂದು, ಓದೂದು, ಎರಡೂ ನಿಮ್ದೇ."

ಶನಿವಾರ ನನ್ನ ಅಂಗಿಗೆ 'ಸಮಯಪಾಲಕರು' ಎಂಬ ಗುಲಾಬಿ ಪಟ್ಟಿ ಚುಚ್ಚಿದರು. ಕ್ರೀಡಾಕೂಟದ ಸುದ್ದಿ ಬರೆಯಬೇಕಾದವನೇ ಕ್ರೀಡಾಕೂಟದ ಅಧಿಕಾರಿಯಾಗಬಾರದು ಎಂದು ಒಂದು ಕ್ಷಣ ಅನ್ನಿಸಿತು. ಪಟ್ಟಿ ಚೆನ್ನಾಗಿತ್ತು. ಸುಮ್ಮನಾದೆ.

ಹುಡುಗಿಯರ ಇನ್ನೂರು ಮೀಟರ್ ಓಟ. ಎಂಟು ಹುಡುಗಿಯರಿದ್ದರು, ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಲು ಜಾಗವಿದ್ದದ್ದು ನಾಲ್ಕೇ ಓಟಗಾರರಿಗೆ. ಹಾಗಾಗಿ ಎರಡು ತಂಡ. ಎರಡರಲ್ಲೂ ಮುಂದೆ ಬಂದವರನ್ನು ಸೇರಿಸಿ ಕೊನೆಯ ಓಟ ಆಗಬೇಕಿತ್ತು. ಆದರೆ ಮುಖ್ಯ ಅತಿಥಿಗಳು ತಡವಾಗಿ ಬಂದು, ನಿಧಾನವಾಗಿ ಮಾತಾಡಿ, ಮಕ್ಕಳಿಗೆ ಬಸ್ಸಿನ ಹೊತ್ತಾಗಿಬಿಟ್ಟಿತು. ಯಾರ ಸಮಯ ಕಡಿಮೆಯೋ ಅವರು ಜಿಲ್ಲಾ ಕ್ರೀಡಾಕೂಟಕ್ಕೆ ಕಾರವಾರಕ್ಕೆ ಎಂದು ಮಾಸ್ತರರು ತೀರ್ಮಾನಿಸಿದರು. ಹೋಗುವವರು ಒಬ್ಬರೇ.

ಮೊದಲ ತಂಡದಲ್ಲಿ ಗೆದ್ದವಳು ಶೈಲಾ, ಕುಮಟೆ ಪೇಟೆಯವಳು. ನಾನು ಗುಂಡಿ ಒತ್ತಿದೆ, ಎರಡು ಸಲ ನೋಡಿದೆ, ಬರೆದುಕೊಂಡೆ: 29.14. ಎರಡನೇ ತಂಡದಲ್ಲಿ ಗೆದ್ದವಳು ನಾಗವೇಣಿ. ಮಾದೇವಿಯ ಮಗಳು. ಒತ್ತಿದೆ, ಎರಡು ಸಲ ನೋಡಿದೆ, ಬರೆದುಕೊಂಡೆ: 29.62.

ಅರ್ಧ ಸೆಕೆಂಡಿಗೂ ಕಡಿಮೆ ಅಂತರ. ಶೈಲಾ ಕಾರವಾರಕ್ಕೆ.

ನಾಗವೇಣಿ ಅಳಲಿಲ್ಲ. ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, "ಪೇಪರ್ ಮಾಮ, ನಾ ಇವತ್ತು ದಿನಾಕಿಂತ ಜೋರು ಓಡಿದ್ದೆ" ಎಂದಳು. ದೂರು ಹೇಳಿದಂತಿರಲಿಲ್ಲ. ಸುದ್ದಿ ಹೇಳಿದಂತಿತ್ತು.

ಬುಟ್ಟಿ ಖಾಲಿ ಮಾಡಿ ಓಟ ನೋಡಲು ಬಂದಿದ್ದ ಮಾದೇವಿ ಮಗಳ ಹೆಗಲು ಹಿಡಿದಳು. "ಗಡಿಯಾರ ಹೇಳಿದ್ಮೇಲೆ ಆತಲ್ಲ. ಅದು ಫಾರಿನ್ದು, ಅದ್ಕೆ ನಿನ್ನ ಮೇಲೆ ಎಂತ ಹಗೆ? ನಡೆ, ಬಸ್ ಬತ್ತದೆ." ಆಮೇಲೆ ನನಗೆ ಮಾತ್ರ ಕೇಳುವಂತೆ, "ಬರೂ ವರ್ಷ ಶಾಲೆ ಇಲ್ಲ ಅವ್ಳಿಗೆ. ಬುಟ್ಟಿ ಹೊರೂಕೆ ನಂಗೂ ಜನ ಬೇಕಲ್ಲ. ಒಂದ್ಸಲ ಕಾರವಾರ ನೋಡ್ಲಿ ಅಂತ ಮಾಡಿದ್ದೆ" ಎಂದಳು.

ಸಂಜೆ ಸುದ್ದಿ ಬರೆದು, ಕವರು ಅಂಟಿಸಿ, ಬಸ್ ಸ್ಟ್ಯಾಂಡಿಗೆ ಹೋದೆ. ಹುಬ್ಬಳ್ಳಿ ಬಸ್ಸು ಐದೂವರೆಗೆ. ಡ್ರೈವರ್ ಚಹಾ ಕುಡಿಯುತ್ತಿದ್ದ. ಗಡಿಯಾರ ನೋಡಿದೆ: 5:25. ಬಸ್ಸಿನ ಟಾಪಿನ ಮೇಲೆ ಯಾರದೋ ಸೈಕಲ್ ಕಟ್ಟುವುದನ್ನು ನೋಡುತ್ತ ನಿಂತೆ. ಮತ್ತೆ ನೋಡಿದರೂ 5:25. ಸೈಕಲ್ ಕಟ್ಟಲು ಅಷ್ಟೇ ಹೊತ್ತೇ ಎಂದುಕೊಂಡೆ. ಇನ್ನೊಮ್ಮೆ ನೋಡಿದಾಗ 5:27.

ಇಪ್ಪತ್ತಾರು ಎಲ್ಲಿ ಹೋಯಿತು? ಬ್ಯಾಟರಿ ಮುಗಿಯುತ್ತ ಬಂತೇನೋ ಎಂದು ಕಣ್ಣು ಕೀಳದೆ ನೋಡಿದೆ. 5:27 ಹೋಗಿ 5:29 ಬಂತು. ಇಪ್ಪತ್ತೆಂಟು ಬರಲೇ ಇಲ್ಲ. 5:29 ಪೂರಾ ಎರಡು ನಿಮಿಷ ನಿಂತಿತು. ಆ ಎರಡು ನಿಮಿಷದ ನಡುವೆ ಕೈಯನ್ನು ಸ್ವಲ್ಪ ಓರೆ ಮಾಡಿದೆ. ಓರೆಯಿಂದ ನೋಡಿದರೆ ಅದು 5:28.

ಇಂಥ ಗಡಿಯಾರದಲ್ಲಿ ಪ್ರತಿ ಅಂಕಿಯೂ ಏಳು ಸಣ್ಣ ಕಡ್ಡಿಗಳಿಂದ ಆಗುತ್ತದೆ. ಏಳೂ ಕಂಡರೆ 8. ಎಡಗಡೆಯ ಕೆಳಗಿನ ಕಡ್ಡಿಯೊಂದು ಕಾಣದಿದ್ದರೆ ಅದೇ 9. ಹಾಗೆಯೇ 6 ಹೋಗಿ 5. ಆ ಒಂದು ಕಡ್ಡಿಯ ನೇರಕ್ಕೆ ನನ್ನ ಬಿಳಿಯ ಗೀರು ಕೂತಿತ್ತು. ಕಡಲ ನಾಲಗೆಯ ಪುಡಿ ತುಂಬಿ, ಮೇಲೆ ಉಗುರು ಪಾಲಿಶ್ ಹಾಕಿ ನಾನೇ ಮುದ್ರೆ ಒತ್ತಿದ ಗೀರು. 2 ಮತ್ತು 0 ಸ್ವಲ್ಪ ಕುಂಟುತ್ತಿದ್ದವು, ಅಷ್ಟೇ. ಒಂದು ತಿಂಗಳಿಂದ ನಾನು ಎಂಟಿಲ್ಲದೆ, ಆರಿಲ್ಲದೆ ಬದುಕಿದ್ದೆ. ಒಂದು ನಿಮಿಷದ ಹೆಚ್ಚುಕಡಿಮೆ ಕುಮಟೆಯಲ್ಲಿ ಯಾರಿಗೂ ತಾಗುವುದಿಲ್ಲ.

ಮೈದಾನದಲ್ಲಿ ಸೆಕೆಂಡುಗಳು ಓಡಿದ್ದು ಇದೇ ಅಂಕಿಯ ಜಾಗದಲ್ಲಿ.

ಡ್ರೈವರ್ ಚಹಾ ಮುಗಿಸಿ ಬಂದು ಕೈ ಚಾಚಿದ. "ಕೊಡಿ ಕವರು."

"ಇವತ್ತು ಇಲ್ಲ" ಎಂದೆ.

"ಕೈಲೇ ಅದೆಯಲ್ಲ ಮಾರಾಯ್ರೆ?"

"ಇದ್ರಲ್ಲಿ ತಪ್ಪು ಅದೆ."

ದಾಮೋದರ ಮಾಸ್ತರರು ಮೈದಾನದಲ್ಲಿ ಉಳಿದ ಸುಣ್ಣವನ್ನು ಚೀಲಕ್ಕೆ ತುಂಬಿಸುತ್ತಿದ್ದರು. ಗಡಿಯಾರವನ್ನು ನೇರವಾಗಿ ಹಿಡಿದು ತೋರಿಸಿದೆ, ಓರೆಯಾಗಿ ಹಿಡಿದು ತೋರಿಸಿದೆ. ಮೂರನೇ ಸಲಕ್ಕೆ ಅವರಿಗೆ ಅರ್ಥವಾಯಿತು. ಸುಣ್ಣದ ಕೈಯಲ್ಲೇ ಹಣೆ ಒತ್ತಿಕೊಂಡರು.

"ಹಾಂಗಾರೆ ಖರೆ ಟೈಮ್ ಎಷ್ಟು? ಅದನ್ನ ಹೇಳಿ, ತಿದ್ದಿಬಿಡ್ವ."

"ಗೊತ್ತಿಲ್ಲ. ನಾಗವೇಣಿದು ಇಪ್ಪತ್ತೆಂಟು ಇರಬಹುದು, ಇಪ್ಪತ್ತೊಂಬತ್ತೂ ಇರಬಹುದು. ಶೈಲಾದೂ ಹಾಂಗೇ."

"ಯಾರು ಮುಂದೆ ಅಂತಾನಾದ್ರೂ?"

"ಅದೂ ಗೊತ್ತಿಲ್ಲ."

"ಮತ್ತೆ ಗೊತ್ತಿದ್ದದ್ದು ಎಂತ ನಿಮಗೆ?"

"ಗೀರು ಎಲ್ಲಿದೆ ಅಂತ."

ನನ್ನ ಅಂಗಿಯ ಮೇಲೆ ಗುಲಾಬಿ ಪಟ್ಟಿ ಇನ್ನೂ ಇತ್ತು. ಅದನ್ನು ಮಾಸ್ತರರೇ ಕಿತ್ತರು. "ಫಾರಂ ಕಾರವಾರಕ್ಕೆ ಹೋಗೂದು ಸೋಮವಾರ. ನಾಳೆ ಇಬ್ರನ್ನೂ ಒಟ್ಟಿಗೆ ಓಡ್ಸ್ವ. ಶೈಲಾನ ನಾ ಕರೀತೆ. ತದಡಿಗೆ ನೀವೇ ಹೋಗಿ, ನೀವೇ ಹೇಳಿ."

ಭಾನುವಾರ ಮೊದಲ ಬಸ್ಸಿಗೆ ತದಡಿಗೆ ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತ ಹೋದೆ. ಬೇರೆಯವರ ತಪ್ಪನ್ನು ನಾಲ್ಕು ಸಾಲಿನಲ್ಲಿ ಬರೆಯುವ ಅಭ್ಯಾಸವಿದ್ದ ನನಗೆ ನನ್ನದು ಎಷ್ಟು ಸಾಲಿಗೂ ಮುಗಿಯಲಿಲ್ಲ. ಮಾದೇವಿ ಮನೆಯ ಎದುರಿಗೆ ಒಣಮೀನು ಹರಡುತ್ತಿದ್ದಳು. ನಾಗವೇಣಿ ಕಾಗೆ ಓಡಿಸುತ್ತಿದ್ದಳು. ನಿಂತಲ್ಲೇ ಹೇಳಿದೆ.

ಮಾದೇವಿ ಗಡಿಯಾರ ಇಸಿದುಕೊಂಡು ಓರೆ ಮಾಡಿ, ನೇರ ಮಾಡಿ, ನೋಡಿದಳು. "ಈ ಬಿಳಿ ನಾ ಕೊಟ್ಟ ಕಡ್ಲ ನಾಲ್ಗೆದೇನಾ?"

"ಹೌದು."

"ನಾ ಹೇಳಿದ್ದು ಬೆಳ್ಳಿಗೆ. ನಿಮ್ದು ಬೆಳ್ಳಿ ಹೌದಾ?"

"ಪ್ಲಾಸ್ಟಿಕ್."

"ಮತ್ತೆ ಬಾಯಿ ಬಿಟ್ಟು ಹೇಳೂಕೆ ಎಂತ ಆಗಿತ್ತು? ದುಬೈ ದುಬೈ ಅಂದ್ರಿ, ನಾ ಬೆಳ್ಳಿಗಿಂತ ಮೇಲಿಂದು ಅಂದ್ಕಂಡೆ." ಗಡಿಯಾರವನ್ನು ನನ್ನ ಕೈಗೆ ಹಾಕಿ, ಒಣಮೀನಿನ ಎದುರಿಗೆ ಕೂತುಬಿಟ್ಟಳು. "ನನ್ನ ಮಗಳ ಓಟ ನಾನೇ ಉಜ್ಜಿ ಹಾಕ್ದಾಂಗಾತು."

"ಉಜ್ಜಿದ್ದು ನಾನು, ಮಾದೇವಿ."

"ಇಬ್ರೂ ಸೇರಿ ಮಾಡಿದ್ದು ಸಾಕು" ಎಂದಳು ನಾಗವೇಣಿ. ಅವಳು ಕಾಗೆ ಓಡಿಸುವ ಕೋಲನ್ನು ಆಗಲೇ ಚಪ್ಪರಕ್ಕೆ ಒರಗಿಸಿದ್ದಳು. "ಬಸ್ಸು ಎಷ್ಟೊತ್ತಿಗೆ?"

ಗಡಿಯಾರ ನೋಡಲು ಕೈ ಎತ್ತಿದೆ. ತಾಯಿ ಮಗಳು ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಕೈ ಇಳಿಸಿ, ಗಡಿಯಾರ ಬಿಚ್ಚಿ ಕಿಸೆಗೆ ಹಾಕಿದೆ.

ಕುಮಟೆಯ ಮೈದಾನದಲ್ಲಿ ಶೈಲಾ ಮುಖ ಊದಿಸಿಕೊಂಡು ನಿಂತಿದ್ದಳು. "ಸಾರ್, ನಾ ಎಂತಾದ್ರೂ ಮೋಸ ಮಾಡಿದ್ನಾ?"

"ಇಲ್ಲ ತಂಗಿ, ಮೋಸ ಮಾಡಿದ್ದು ಗಡಿಯಾರ" ಎಂದರು ಮಾಸ್ತರರು.

ಅವಳು ನನ್ನನ್ನೂ ನಾಗವೇಣಿಯನ್ನೂ ಒಮ್ಮೆ ನೋಡಿದಳು. "ಹಾಂಗಾರೆ ಓಡ್ವ. ಇವ್ರ ಕೈಲಿ ಮಾತ್ರ ಎಂತದೂ ಕೊಡ್ಬೇಡಿ."

ನನಗೆ ದಾರದ ಒಂದು ತುದಿ ಕೊಟ್ಟರು. ಇನ್ನೊಂದು ತುದಿ ಮಾದೇವಿಗೆ. ಹಿಂದಿನ ದಿನದ ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಮಾಸ್ತರರು ಅದರ ಮೇಲೆ ಒಂದು ಸಲ ನಡೆದು, ಒಳಗಿನ ಜಾಗ ಯಾರಿಗೆ ಎಂದು ಚೀಟಿ ಎತ್ತಿಸಿದರು. ಶೈಲಾಗೆ ಬಂತು. ಸೀಟಿ ಊದಿದರು.

ತಿರುವಿನವರೆಗೆ ಶೈಲಾ ಮುಂದಿದ್ದಳು, ಎರಡು ಮಾರಿನಷ್ಟು. ಮಾದೇವಿ ತನ್ನ ತುದಿಯನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಳು. ತಿರುವು ಮುಗಿದ ಮೇಲೆ ನಾಗವೇಣಿ ತಲೆ ತಗ್ಗಿಸಿದಳು. ತದಡಿಯ ಇಳಿತದ ಮರಳಿನ ಮೇಲೆ ಓಡಿ ಕಲಿತ ಕಾಲು ಅವಳದು. ಗಟ್ಟಿ ನೆಲ ಅವಳಿಗೆ ಉಡುಗೊರೆಯಂತೆ ಸಿಕ್ಕಿತ್ತು. ಇಪ್ಪತ್ತು ಹೆಜ್ಜೆ ಉಳಿದಾಗ ಇಬ್ಬರೂ ಸಮ. ಆಮೇಲೆ ದಾರ ನನ್ನ ಕೈಯಿಂದ ಕಿತ್ತು ಹೋಯಿತು. ಅದು ನಾಗವೇಣಿಯ ಎದೆಗೆ ಸುತ್ತಿಕೊಂಡಿತ್ತು. ಶೈಲಾ ಒಂದು ಕೈಯಳತೆ ಹಿಂದೆ.

ಶೈಲಾ ಮಂಡಿಯ ಮೇಲೆ ಕೈಯಿಟ್ಟು ಬಾಗಿ ನಿಂತು, ಉಸಿರು ಬಂದ ಮೇಲೆ, "ಆತು. ಇವ್ಳೇ ಹೋಗ್ಲಿ" ಎಂದಳು. ಮಾದೇವಿ ದಾರ ಸುತ್ತಿ ಉಂಡೆ ಮಾಡುತ್ತಿದ್ದಳು, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

ದಾಮೋದರ ಮಾಸ್ತರರು ಕಾರವಾರಕ್ಕೆ ಕಳಿಸುವ ಫಾರಂ ತೆಗೆದು, ಮಡಿಸಿದ ಮೊಣಕಾಲ ಮೇಲಿಟ್ಟು ತುಂಬಿಸಿದರು. ಹೆಸರು, ಶಾಲೆ, ವಯಸ್ಸು, ಓಟ. ಕೊನೆಯ ಮನೆಗೆ ಬಂದು ಪೆನ್ನು ನಿಂತಿತು. ಅಲ್ಲಿ 'ತೆಗೆದುಕೊಂಡ ಸಮಯ' ಎಂದಿತ್ತು.

"ಇಪ್ಪತ್ತೆಂಟು ಅರವತ್ತೆರಡು ಅಂತ ಹಾಕ್ಲಾ?" ಎಂದು ನನ್ನ ಮುಖ ನೋಡಿದರು.

ಹಾಕಿ ಎಂದು ಬಾಯಿಗೆ ಬಂತು. "ನಾನು ನೋಡಿಲ್ಲ ಮಾಸ್ತರೆ" ಎಂದೆ.

"ಖಾಲಿ ಬಿಟ್ರೆ ಕಾರವಾರದವ್ರು ವಾಪಸ್ ಕಳಿಸ್ತ್ರು ಮಾರಾಯ್ರೆ. ಎಂತಾದ್ರೂ ಬರೀಬೇಕಲ್ಲ."

ನಾಗವೇಣಿ ಇನ್ನೂ ಏದುಸಿರು ಬಿಡುತ್ತಿದ್ದಳು. ಬಗ್ಗಿ ಫಾರಂ ನೋಡಿ, ಆ ಖಾಲಿ ಮನೆಯ ಮೇಲೆ ಬೆರಳಿಟ್ಟಳು.

"ನನ್ನ ಮುಂದೆ ಯಾರೂ ಇರ್ಲಿಲ್ಲ. ಅಷ್ಟು ಬರೀರಿ ಸಾರ್."

ಮಾಸ್ತರರು ಪೆನ್ನು ಒಮ್ಮೆ ಝಾಡಿಸಿ, ಅದನ್ನೇ ಬರೆದರು.